ಅಜ್ಜ, ಮೊಮ್ಮಗು ಮತ್ತು ಒಂದು ರಸಪ್ರಶ್ನೆ



ಕ್ವಿಜ್ ಎಂದರೆ ಇಂಗ್ಲೆಂಡಿನಲ್ಲಿ ಪಬ್ಬಿನ ಸಂಜೆಯ ಆಟ. ಬೆಂಗಳೂರಿನಲ್ಲಿ ಅದು ಸಭಾಂಗಣದ ಆಟ. ಅಲ್ಲಿ 1983ರಲ್ಲಿ ವಿಂಗ್ ಕಮಾಂಡರ್ ಜಿ. ಆರ್. ಮುಳ್ಕಿಯವರು ಕರ್ನಾಟಕ ಕ್ವಿಜ್ ಅಸೋಸಿಯೇಷನ್ ಸ್ಥಾಪಿಸಿದರು. ಆ ಬಳಗದವರು ಮೆಚ್ಚುವ ಪ್ರಶ್ನೆ ಬಾಯಿಪಾಠ ಒಪ್ಪಿಸುವಂಥದಲ್ಲ, ಸುಳಿವು ಹಿಡಿದು ಯೋಚಿಸಿದರೆ ಉತ್ತರ ಹೊಳೆಯುವಂಥದು.

ಇದನ್ನು ಇಲ್ಲಿ ಹೇಳಲು ಕಾರಣವಿದೆ. ರಾಜ್ಯೋತ್ಸವದ ರಸಪ್ರಶ್ನೆಯಲ್ಲಿ ಕದಂಬರಿಂದ ಒಡೆಯರವರೆಗೆ ಬರೀ ಇಸವಿಗಳನ್ನೇ ಕೇಳುತ್ತಾ ಹೋದರೆ, ಇಲ್ಲಿ ಹುಟ್ಟಿ ಬೆಳೆದ ಮಕ್ಕಳು ಹಿಂದಿನ ಸಾಲಿಗೆ ಸರಿಯುತ್ತಾರೆ. ಮರುವರ್ಷ ಸಭೆಗೇ ಬರುವುದಿಲ್ಲ. ಬಹುಮಾನವೆಲ್ಲ ಅಪ್ಪಂದಿರಿಗೇ!

ಬದಲಿಗೆ ಹೀಗೆ ಕೇಳೋಣ: ಮಲೇಷ್ಯಾದ ರಾಷ್ಟ್ರಗೀತೆಯ ಹೆಸರಿನಲ್ಲೂ ಶಿವಮೊಗ್ಗ ಜಿಲ್ಲೆಯ ಒಂದು ತಾಲ್ಲೂಕಿನ ಹೆಸರಿನಲ್ಲೂ ಅಡಗಿರುವ ಪದ ಯಾವುದು? ಶಾಲೆಯಲ್ಲಿ 'ನೆಗರಾಕು' ಹಾಡುವ ಮಗುವಿಗೆ ಅರ್ಧ ಗೊತ್ತು. ಹೊಸನಗರ ಬಲ್ಲ, ಊರಿನಿಂದ ಬಂದ ಅಜ್ಜನಿಗೆ ಇನ್ನರ್ಧ ಗೊತ್ತು. ಇಬ್ಬರೂ ಕೂತು ಯೋಚಿಸಿದರೆ 'ನಗರ' ಸಿಕ್ಕಿತು. ನಮ್ಮಲ್ಲಿ ಪಟ್ಟಣವಾದ ಆ ಸಂಸ್ಕೃತ ಪದ ಮಲಯ ಭಾಷೆಯಲ್ಲಿ ಇಡೀ ದೇಶವೇ ಆಗಿದೆ. ಹಾಗೆಯೇ 'ಸುಆಮಿ' ಎಂದರೆ ಗಂಡ. ಅದರ ಮೂಲ ಹೇಳಲು ನಮ್ಮ ಮಹಿಳಾ ಸದಸ್ಯರಿಗೆ ಸುಳಿವೇ ಬೇಡ.

ಇನ್ನೊಂದು: ಏಕೀಕೃತ ಮೈಸೂರು ರಾಜ್ಯ, ಸ್ವತಂತ್ರ ಮಲಯ, ಇವೆರಡರಲ್ಲಿ ಯಾವುದು ಹಿರಿದು? 1956ರ ನವೆಂಬರ್ 1, 1957ರ ಆಗಸ್ಟ್ 31. ನಮ್ಮ ರಾಜ್ಯವೇ ಹತ್ತು ತಿಂಗಳು ದೊಡ್ಡದು.

ನಮ್ಮ ಸಲಹೆ ಇಷ್ಟೆ. ತಿಂಗಳಿಗೊಮ್ಮೆ ಒಬ್ಬೊಬ್ಬರ ಮನೆಯಲ್ಲಿ ಲೀಗ್ ಪಂದ್ಯ ನಡೆಯಲಿ. ನಾಲ್ವರ ತಂಡದಲ್ಲಿ ಇಬ್ಬರು ಮಕ್ಕಳಿರಲೇಬೇಕು; ಉತ್ತರವನ್ನು ಅವರೇ, ಕನ್ನಡದಲ್ಲಿಯೇ ಹೇಳಬೇಕು. ಹೆಸರು ಕೊಡುವವರು ಊಟಕ್ಕೆ ಮುಂಚೆ ಕಾರ್ಯದರ್ಶಿಗಳನ್ನು ಕಾಣಬಹುದು.