ಮೀಟರಿನ ಮಾತು ಕೇಳೋಣ

(ಪುತ್ತಿಗೆಯ ಕಾರ್ಮಿಕ ಕುಟುಂಬಗಳ ಕೂಟದಲ್ಲಿ ಮಾಡಿದ ಭಾಷಣ)



ರಬ್ಬರು ಟ್ಯಾಪಿಂಗ್ ಮಾಡುವ ನಮಗೆ ಅಂದಿನ ಹಾಲಿನ ತೂಕ ಅಂದೇ ತಿಳಿಯುತ್ತದೆ. ಕಡಿಮೆಯಾದರೆ ಏಕೆಂದು ಮರುದಿನವೇ ನೋಡುತ್ತೇವೆ. ಕರೆಂಟಿನ ಲೆಕ್ಕ ಹಾಗಲ್ಲ. ಎರಡು ತಿಂಗಳಿಗೊಮ್ಮೆ ಬಿಲ್ಲು ಬಂದಾಗಲೇ ನಮಗೆ ಎಚ್ಚರ. ಆಗ ಒಬ್ಬರನ್ನೊಬ್ಬರು ದೂರುತ್ತೇವೆ.

ನಮ್ಮ ಮನೆಯಲ್ಲಿ ನಾವು ಬೈದದ್ದು ರಾತ್ರಿ ದೀಪವಿಟ್ಟು ಓದುವ ಮಗಳನ್ನು. ಕೊನೆಗೊಂದು ರಾತ್ರಿ ಮೀಟರಿನ ಅಂಕೆ ಬರೆದಿಟ್ಟು, ದೀಪ, ಫ್ಯಾನು ಎಲ್ಲವನ್ನೂ ಆರಿಸಿ ಮಲಗಿದೆವು. ಹಳೆಯ ಫ್ರಿಜ್ಜು ಒಂದೇ ಓಡುತ್ತಿತ್ತು. ಬೆಳಿಗ್ಗೆ ನೋಡಿದರೆ ಒಂದೂವರೆ ಯೂನಿಟ್ ಏರಿದೆ! ಬಾಗಿಲ ಸಂದಿಗೆ ಕಾಗದ ಇಟ್ಟು ಮುಚ್ಚಿ ಎಳೆದೆವು, ಸಲೀಸಾಗಿ ಬಂತು. ರಬ್ಬರು ಸವೆದು ತಂಪೆಲ್ಲ ಸೋರುತ್ತಿತ್ತು.

1000 ವಾಟ್ ಒಂದು ಗಂಟೆ ಉರಿದರೆ 1 ಯೂನಿಟ್. ಮಗಳ 9 ವಾಟಿನ ಎಲ್‌ಇಡಿ ದಿನಕ್ಕೆ 4 ಗಂಟೆ ಉರಿದರೂ ತಿಂಗಳಿಗೆ ಸುಮಾರು 1 ಯೂನಿಟ್ ಮಾತ್ರ. ಹಳೆಯ 60 ವಾಟಿನ ಬಲ್ಬಾದರೆ 7 ಯೂನಿಟ್ ದಾಟುತ್ತಿತ್ತು. ಲೆಕ್ಕ ತಿಳಿಯದೆ ಮಗುವನ್ನು ನೋಯಿಸಿದೆವಲ್ಲಾ ಎಂದು ನಾಚಿದೆವು.

ಇದು ನಮ್ಮೊಬ್ಬರ ಅನುಭವವಲ್ಲ. ಬಳಕೆಯ ಲೆಕ್ಕವನ್ನು ಆಗಾಗ ಕಣ್ಣಾರೆ ಕಂಡ ಮನೆಗಳು ನೂರಕ್ಕೆ 5ರಿಂದ 15ರಷ್ಟು ಉಳಿಸುತ್ತವೆಂದು, ಹಲವು ದೇಶಗಳ ಪರೀಕ್ಷೆಗಳನ್ನು ನೋಡಿದ ಆಕ್ಸ್‌ಫರ್ಡಿನ ಸಾರಾ ಡಾರ್ಬಿ 2006ರಲ್ಲಿ ಬರೆದರು. 2007ರಲ್ಲಿ ಪ್ರಕಟವಾದ ಕ್ಯಾಲಿಫೋರ್ನಿಯಾದ ಪರೀಕ್ಷೆಯೊಂದು ಇನ್ನೊಂದು ಪಾಠ ಕಲಿಸಿತು. ನೆರೆಯವರ ಸರಾಸರಿ ತಿಳಿಸಿದಾಗ ಹೆಚ್ಚು ಉರಿಸುವವರು ತಗ್ಗಿಸಿದರು; ಕಡಿಮೆ ಉರಿಸುವವರೋ, ‘ನಮಗೇಕೆ ಕಷ್ಟ’ ಎಂಬಂತೆ ಏರಿಸಿದರು! ಲೆಕ್ಕದ ಪಕ್ಕದಲ್ಲಿ ಒಂದು ನಗುಮುಖ ಬರೆದು ಮೆಚ್ಚಿದಾಗ ಮಾತ್ರ ಅವರು ಏರಿಸಲಿಲ್ಲ. ಬೈಗುಳಕ್ಕಿಂತ ಮೆಚ್ಚುಗೆ ಮೇಲು.

ಆದುದರಿಂದ ಪ್ರತಿ ಭಾನುವಾರ ಸಂಜೆ ಮೀಟರಿನ ಅಂಕೆಯನ್ನು ಮಕ್ಕಳಿಂದ ಕ್ಯಾಲೆಂಡರಿನಲ್ಲಿ ಬರೆಸಿರಿ. ಕಳೆದ ವಾರದ ಅಂಕೆ ಕಳೆಯಿರಿ. ಹೆಚ್ಚಾದರೆ ಕಾರಣ ಹುಡುಕಿರಿ. ಕಡಿಮೆಯಾದರೆ ಬರೆದ ಮಗುವಿನ ಬೆನ್ನು ತಟ್ಟಿರಿ. ಯೂನಿಟ್ ಏರಿದಂತೆ ದರವೂ ಏರುವುದರಿಂದ, ಉಳಿಸಿದ್ದರಲ್ಲಿ ಲಾಭ ದೊಡ್ಡದು.

ಕೂಲಿಯ ಲೆಕ್ಕ ಕೇಳಲು ಸಂಘದಲ್ಲಿ ಕಲಿತೆವು. ಮನೆಯ ಲೆಕ್ಕ ನೋಡಲೂ ಕಲಿಯೋಣ. ಓದುವ ಮಗುವಿನ ದೀಪವನ್ನು ಮಾತ್ರ ಯಾರೂ ಆರಿಸದಿರೋಣ.