ನ್ಯಾಯಾಧೀಶರ ಪದಚ್ಯುತಿ ಮತ್ತು ಮುಂದಿನ ಅಧಿಕಾರ

ನ್ಯಾಯ ನೀಡಬೇಕಾದವರೇ ದುರ್ನಡತೆಗೆ ಒಳಗಾದರೆ ಅವರನ್ನು ಪೀಠದಿಂದ ಇಳಿಸಿದರಷ್ಟೇ ಸಾಕೆ, ಮುಂದೆ ಯಾವ ಅಧಿಕಾರಸ್ಥಾನಕ್ಕೂ ಬಾರದಂತೆ ತಡೆಯಬೇಕೆ? ಇದಕ್ಕೆ ಹತ್ತಿರದ ಪ್ರಶ್ನೆಯೊಂದು ಪುಣೆ ನಗರದಲ್ಲಿ ನೂರು ವರ್ಷಗಳಿಗೂ ಹಿಂದೆಯೇ ಎದ್ದಿತ್ತು.

1888ರಲ್ಲಿ ಮುಂಬಯಿ ಪ್ರಾಂತದ ಮಧ್ಯ ವಿಭಾಗದ ಕಮಿಷನರ್ ಆರ್ಥರ್ ಕ್ರಾಫರ್ಡ್ ಅವರ ಮೇಲೆ ಲಂಚದ ಆರೋಪ ಬಂದಿತು. ವಿಚಾರಣಾ ಆಯೋಗವು ಪುಣೆಯಲ್ಲಿ ಸಾಕ್ಷ್ಯ ಸಂಗ್ರಹಿಸಿತು. ಶಿಕ್ಷೆಯಾಗದೆಂಬ ಭರವಸೆ ಪಡೆದು ಹಲವು ಮಾಮಲೇದಾರರು ತಾವು ಹಣ ಕೊಟ್ಟುದನ್ನು ಒಪ್ಪಿಕೊಂಡರು. ಮಾಮಲೇದಾರರು ಕಂದಾಯದ ಕೆಲಸದೊಡನೆ ಮ್ಯಾಜಿಸ್ಟ್ರೇಟರಾಗಿ ಮೊಕದ್ದಮೆಗಳನ್ನೂ ತೀರ್ಮಾನಿಸುತ್ತಿದ್ದರು. ನ್ಯಾಯಾಡಳಿತದ ಹುದ್ದೆಯನ್ನು ಹಣಕ್ಕೆ ಕೊಂಡವನು ಆ ಹುದ್ದೆಗೆ ಅನರ್ಹನೆಂದು 1809ರ ಬ್ರಿಟಿಷ್ ಕಾಯಿದೆ ವಿಧಿಸಿತ್ತು. ಅಂಥವರು ಪೀಠದಲ್ಲಿ ಮುಂದುವರಿಯುವುದು ಸಲ್ಲದೆಂದು ಬ್ರಿಟಿಷ್ ಪಾರ್ಲಿಮೆಂಟಿನಲ್ಲಿ ಆಕ್ಷೇಪ ಕೇಳಿಬಂದಿತು. ಸರ್ಕಾರ ಕೊಟ್ಟ ಮಾತಿಗೆ ತಪ್ಪಬಾರದೆಂದು ಬಾಲಗಂಗಾಧರ ತಿಲಕರು ವಾದಿಸಿದರು. 1889ರಲ್ಲಿ ಸಾಕ್ಷಿಗಳ ರಕ್ಷಣೆಗಾಗಿ ಕಾಯಿದೆಯಾಯಿತು. ಆದರೂ ಕೆಲವರು ಹುದ್ದೆ ಕಳೆದುಕೊಂಡರು. ಕ್ರಾಫರ್ಡ್ ಅವರ ಮೇಲಿನ ಲಂಚದ ಆರೋಪವನ್ನು ಆಯೋಗ ಒಪ್ಪಲಿಲ್ಲವಾದರೂ, ಅಧೀನರಿಂದ ಸಾಲ ಪಡೆದುದಕ್ಕಾಗಿ ಅವರನ್ನು ಸೇವೆಯಿಂದ ತೆಗೆಯಲಾಯಿತು.

ಸ್ವತಂತ್ರ ಭಾರತದ ಸಂವಿಧಾನದ 124ನೆಯ ಅನುಚ್ಛೇದದಂತೆ ಸರ್ವೋಚ್ಚ ನ್ಯಾಯಾಲಯದ ನ್ಯಾಯಾಧೀಶರನ್ನು ರುಜುವಾತಾದ ದುರ್ನಡತೆ ಅಥವಾ ಅಸಾಮರ್ಥ್ಯದ ಕಾರಣಕ್ಕೆ ಮಾತ್ರ ತೆಗೆಯಬಹುದು. ಉಚ್ಚ ನ್ಯಾಯಾಲಯಗಳಿಗೂ ಇದೇ ಕ್ರಮ ಅನ್ವಯಿಸುತ್ತದೆ. 1968ರ ಕಾಯಿದೆಯಂತೆ ಮೂವರ ಸಮಿತಿ ತನಿಖೆ ನಡೆಸುತ್ತದೆ. ಬಳಿಕ ಸಂಸತ್ತಿನ ಪ್ರತಿಯೊಂದು ಸದನದಲ್ಲೂ ಒಟ್ಟು ಸದಸ್ಯರ ಬಹುಮತ ಮತ್ತು ಹಾಜರಿದ್ದು ಮತ ನೀಡಿದವರ ಮೂರನೆಯ ಎರಡು ಭಾಗದ ಬೆಂಬಲ ದೊರೆಯಬೇಕು. ನ್ಯಾಯಾಂಗವು ನಿರ್ಭಯವಾಗಿರಲೆಂಬುದೇ ಈ ಕಠಿಣ ಕ್ರಮದ ಉದ್ದೇಶ.

ಆದರೆ ಪದಚ್ಯುತರಾದವರ ಮುಂದಿನ ಅಧಿಕಾರದ ಬಗ್ಗೆ ಈ ಅನುಚ್ಛೇದ ಏನನ್ನೂ ಹೇಳುವುದಿಲ್ಲ. ನಿಯಂತ್ರಕ ಮತ್ತು ಮಹಾಲೇಖಪಾಲರ ವಿಷಯದಲ್ಲಾದರೋ, ನಿವೃತ್ತಿಯ ನಂತರ ಅವರು ಸರ್ಕಾರದ ಬೇರೆ ಹುದ್ದೆ ವಹಿಸಬಾರದೆಂದು 148ನೆಯ ಅನುಚ್ಛೇದ ಸ್ಪಷ್ಟವಾಗಿ ತಡೆದಿದೆ.

ಅಮೆರಿಕದಲ್ಲಿ ಪದಚ್ಯುತಿಯ ಬಳಿಕ ಅನರ್ಹತೆಯನ್ನು ಸೆನೆಟ್ ಪ್ರತ್ಯೇಕವಾಗಿ ವಿಧಿಸಬಹುದು. 1989ರಲ್ಲಿ ಪದಚ್ಯುತರಾದ ನ್ಯಾಯಾಧೀಶ ಆಲ್ಸೀ ಹೇಸ್ಟಿಂಗ್ಸ್ ಅವರಿಗೆ ಅದನ್ನು ವಿಧಿಸಲಿಲ್ಲ. 1992ರಲ್ಲಿ ಅವರು ಪ್ರತಿನಿಧಿ ಸಭೆಗೇ ಚುನಾಯಿತರಾದರು.

ರಾಜೀನಾಮೆಯಿಂದಲೂ ಪ್ರಶ್ನೆ ಜಟಿಲವಾಗುತ್ತದೆ. 2011ರ ಆಗಸ್ಟ್ 18ರಂದು ಕಲ್ಕತ್ತಾ ಉಚ್ಚ ನ್ಯಾಯಾಲಯದ ನ್ಯಾಯಮೂರ್ತಿ ಸೌಮಿತ್ರ ಸೇನ್ ಅವರ ಪದಚ್ಯುತಿಯ ನಿರ್ಣಯವನ್ನು ರಾಜ್ಯಸಭೆ ಅಂಗೀಕರಿಸಿತು. ಲೋಕಸಭೆಯಲ್ಲಿ ಅದು ಚರ್ಚೆಗೆ ಬರುವ ಮುನ್ನವೇ ಅವರು ರಾಜೀನಾಮೆ ನೀಡಿದರು. ಪ್ರಕ್ರಿಯೆ ಅಲ್ಲಿಗೇ ನಿಂತಿತು.

ಅನರ್ಹತೆಯನ್ನು ವಿಧಿಸುವುದಾದರೆ ಅದು ಕಾನೂನಿನ ಮೂಲಕ, ಆರೋಪಿತರ ಅಹವಾಲು ಕೇಳಿ, ದೋಷ ರುಜುವಾತಾದ ಮೇಲೆಯೇ ಆಗಬೇಕು. ರಾಜೀನಾಮೆ ನೀಡಿದವರ ವಿಷಯದಲ್ಲಿ ತನಿಖೆ ಮುಂದುವರಿಯಬೇಕೆ ಎಂಬುದನ್ನೂ ಅಂತಹ ಕಾನೂನು ಸ್ಪಷ್ಟಪಡಿಸಬೇಕಾಗುತ್ತದೆ.