ದುಡಿಮೆಯ ಹುರುಪು ಮತ್ತು ಅಹಮದಾಬಾದಿನ ಮಗ್ಗಗಳು

ಕೆಲಸಗಾರ ಮನಸ್ಸಿಟ್ಟು ದುಡಿಯುವುದಿಲ್ಲ ಎಂಬ ದೂರು ಕಾರ್ಖಾನೆಯಷ್ಟೇ ಹಳೆಯದು. ಮನಸ್ಸಿಡುವಂತೆ ಮಾಡುವುದು ಹೇಗೆ? ಇಪ್ಪತ್ತನೆಯ ಶತಮಾನ ಇದಕ್ಕೆ ಹಲವು ಉತ್ತರಗಳನ್ನು ಕೊಟ್ಟಿತು. ಕೆಲಸವನ್ನು ಸಣ್ಣ ಸಣ್ಣ ತುಂಡು ಮಾಡಿ, ಪ್ರತಿ ತುಂಡಿಗೂ ಒಬ್ಬೊಬ್ಬನನ್ನು ಪಳಗಿಸಿ, ಹೆಚ್ಚು ದುಡಿದವನಿಗೆ ಹೆಚ್ಚು ಕೂಲಿ ಕೊಡಿ ಎಂದು ಅಮೆರಿಕದ ಫ್ರೆಡರಿಕ್ ಟೇಲರ್ 1911ರ ತಮ್ಮ ಪುಸ್ತಕದಲ್ಲಿ ಬೋಧಿಸಿದರು. ಅದೇ ದೇಶದ ಫ್ರೆಡರಿಕ್ ಹರ್ಜ್‌ಬರ್ಗ್ 1959ರಲ್ಲಿ ಬೇರೆಯದನ್ನೇ ಹೇಳಿದರು. ಸಂಬಳ ಸವಲತ್ತು ಸರಿಯಿಲ್ಲದಿದ್ದರೆ ಅಸಮಾಧಾನ ಹುಟ್ಟುತ್ತದೆ, ನಿಜ. ಆದರೆ ಅವು ಸರಿಯಿದ್ದ ಮಾತ್ರಕ್ಕೆ ಹುರುಪು ಹುಟ್ಟುವುದಿಲ್ಲ, ಅದು ಕೆಲಸದ ಒಳಗಿನಿಂದಲೇ ಬರಬೇಕು ಎಂಬುದು ಅವರ ವಾದ.

ಈ ಎರಡು ಮಾತುಗಳ ನಡುವಿನ ಕಾಲದಲ್ಲಿ ಭಾರತದಲ್ಲಿಯೇ ಒಂದು ದೊಡ್ಡ ಪ್ರಯೋಗ ನಡೆಯಿತು. ಅಹಮದಾಬಾದಿನ ಕ್ಯಾಲಿಕೊ ಬಟ್ಟೆ ಗಿರಣಿ ಸಾರಾಭಾಯಿ ಮನೆತನದ್ದು. ಅಲ್ಲಿ ಹೊಸದಾಗಿ ಸ್ವಯಂಚಾಲಿತ ಮಗ್ಗಗಳನ್ನು ಹಾಕಿದ್ದರು. ಯಂತ್ರ ಹೊಸದಾದರೂ ಉತ್ಪಾದನೆ ನಿರೀಕ್ಷೆಯಷ್ಟು ಬರಲಿಲ್ಲ. ಬಟ್ಟೆಯಲ್ಲಿ ದೋಷಗಳೂ ಹೆಚ್ಚಿದ್ದವು. 1953ರಲ್ಲಿ ಲಂಡನ್ನಿನ ಟಾವಿಸ್ಟಾಕ್ ಸಂಸ್ಥೆಯ ಎ.ಕೆ. ರೈಸ್ ಅಲ್ಲಿಗೆ ಬಂದರು. ಇಂಗ್ಲೆಂಡಿನ ಕಲ್ಲಿದ್ದಲು ಗಣಿಗಳಲ್ಲಿ ಹೊಸ ಯಂತ್ರಗಳು ಬಂದು ಹಳೆಯ ಸಣ್ಣ ತಂಡಗಳು ಒಡೆದಾಗ ದುಡಿಮೆ ಸೊರಗಿದ್ದನ್ನು ಅದೇ ಸಂಸ್ಥೆಯ ಎರಿಕ್ ಟ್ರಿಸ್ಟ್ ಮತ್ತು ಕೆನ್ ಬ್ಯಾಮ್‌ಫೋರ್ತ್ 1951ರಲ್ಲಿ ತೋರಿಸಿಕೊಟ್ಟಿದ್ದರು.

ರೈಸ್ ನೋಡಿದ ವಿಭಾಗದಲ್ಲಿ 224 ಮಗ್ಗಗಳು, 29 ಕೆಲಸಗಾರರು. ಆದರೆ ಅಷ್ಟು ಜನರಲ್ಲಿ 12 ಬಗೆಯ ಕೆಲಸಗಳು! ನೇಯುವವನು ಒಬ್ಬ, ಹೊಕ್ಕುನೂಲು ತುಂಬುವವನು ಇನ್ನೊಬ್ಬ, ಹಾಸುನೂಲು ಕಡಿದರೆ ಸರಿಪಡಿಸುವವನು ಮತ್ತೊಬ್ಬ. ಎಣ್ಣೆ ಹಾಕುವವನು, ಗುಡಿಸುವವನು ಬೇರೆ. ಒಬ್ಬೊಬ್ಬರ ಪಾಲಿಗೆ ಬಂದ ಮಗ್ಗಗಳ ಲೆಕ್ಕವೂ ಬೇರೆ ಬೇರೆ. ಹೀಗಾಗಿ ನೇಯುವವನು ಒಂದು ಮಗ್ಗಕ್ಕೆ ಒಬ್ಬನನ್ನು, ಪಕ್ಕದ ಮಗ್ಗಕ್ಕೆ ಇನ್ನೊಬ್ಬನನ್ನು ನೆಚ್ಚಬೇಕಾಗಿತ್ತು. ಎಲ್ಲರೂ ಒಬ್ಬರನ್ನೊಬ್ಬರು ಅವಲಂಬಿಸಿದ್ದರು, ಯಾರೂ ಒಂದು ತಂಡವಾಗಿರಲಿಲ್ಲ. ದೋಷ ಕೆಲಸಗಾರರ ಸೋಮಾರಿತನದಲ್ಲಿ ಇರಲಿಲ್ಲ, ಕೆಲಸ ಹಂಚಿದ ರೀತಿಯಲ್ಲಿ ಇತ್ತು.

ರೈಸ್ ಸೂಚಿಸಿದ್ದು ಸರಳವಾದ ಬದಲಾವಣೆ. ಏಳು ಜನರ ಒಂದು ತಂಡ, ಅದಕ್ಕೆ ಸುಮಾರು 64 ಮಗ್ಗಗಳು. ಆ ಮಗ್ಗಗಳ ಪೂರ್ತಿ ಹೊಣೆ ತಂಡದ್ದು. ಒಳಗೆ ಕೆಲಸ ಹಂಚಿಕೊಳ್ಳುವುದು, ಒಬ್ಬರಿಗೊಬ್ಬರು ಕೈಗೂಡಿಸುವುದು ಅವರಿಗೇ ಬಿಟ್ಟದ್ದು. ಈ ವಿಚಾರ ಮುಂದಿಟ್ಟ ಕೂಡಲೇ ಮೇಲ್ವಿಚಾರಕರು ಮತ್ತು ಕೆಲಸಗಾರರು ಅದನ್ನು ತಮ್ಮದಾಗಿಸಿಕೊಂಡು, ತಾವೇ ತಂಡಗಳನ್ನು ಕಟ್ಟಿಕೊಂಡರು. ಮೊದಲ ದಿನಗಳಲ್ಲಿ ಏರುಪೇರಾದರೂ ಕ್ರಮೇಣ ಉತ್ಪಾದನೆ ಏರಿತು, ದೋಷದ ಬಟ್ಟೆ ಇಳಿಯಿತು. ಪದ್ಧತಿ ಸಾಮಾನ್ಯ ಮಗ್ಗಗಳ ವಿಭಾಗಗಳಿಗೂ ಹಬ್ಬಿತು. 1958ರಲ್ಲಿ ರೈಸ್ ಈ ಅನುಭವವನ್ನು ಪುಸ್ತಕವಾಗಿ ಪ್ರಕಟಿಸಿದರು.

ಕಥೆ ಇಲ್ಲಿಗೇ ಮುಗಿದಿದ್ದರೆ ಅದೊಂದು ಸವಿಯಾದ ನೀತಿಕಥೆಯಾಗುತ್ತಿತ್ತು. ಆದರೆ ಟಾವಿಸ್ಟಾಕ್‌ನವರೇ ಆದ ಎರಿಕ್ ಮಿಲ್ಲರ್ 1970ರಲ್ಲಿ ಮತ್ತೆ ಹೋಗಿ ನೋಡಿದಾಗ ಚಿತ್ರ ಬದಲಾಗಿತ್ತು. ಸಾಮಾನ್ಯ ಮಗ್ಗಗಳ ಒಂದು ವಿಭಾಗದಲ್ಲಿ ತಂಡದ ಪದ್ಧತಿ ಇನ್ನೂ ಗಟ್ಟಿಯಾಗಿ ಉಳಿದಿತ್ತು. ಪ್ರಯೋಗ ಮೊದಲು ಆರಂಭವಾದ ಸ್ವಯಂಚಾಲಿತ ಮಗ್ಗಗಳ ಬಳಿ ಮಾತ್ರ ಅದು ಬಹುಮಟ್ಟಿಗೆ ಕರಗಿಹೋಗಿತ್ತು. ಮಾರುಕಟ್ಟೆಯ ಒತ್ತಡದಿಂದ ಬಟ್ಟೆಯ ಬಗೆಗಳು ಬದಲಾದವು, ಮೇಲಿನವರು ದಿನದಿನದ ಕೆಲಸದಲ್ಲಿ ಕೈಹಾಕತೊಡಗಿದರು, ತಂಡದ ಗಡಿ ಅಳಿಸುತ್ತ ಹೋಯಿತು.

ಅಂದರೆ ಹುರುಪು ಒಮ್ಮೆ ಕೊಟ್ಟು ಮರೆತುಬಿಡಬಹುದಾದ ಬಹುಮಾನವಲ್ಲ. ಹೊಣೆಯನ್ನು ಕೆಲಸಗಾರರಿಗೆ ಒಪ್ಪಿಸಿದವರು, ಕಷ್ಟದ ದಿನಗಳಲ್ಲಿ ಅದನ್ನು ಹಿಂದಕ್ಕೆ ಕಿತ್ತುಕೊಳ್ಳದೆ ಇರಬೇಕಾಗುತ್ತದೆ. ಕ್ಯಾಲಿಕೊ ಗಿರಣಿಯ ಮಗ್ಗಗಳ ಸದ್ದು ಇಂದು ನಿಂತಿದೆ. ಕೆಲಸ ಹಂಚುವವರ ಮುಂದೆ ಅದು ಇಟ್ಟ ಪ್ರಶ್ನೆ ಮಾತ್ರ ಪ್ರತಿ ಕಚೇರಿಯಲ್ಲಿ, ಪ್ರತಿ ಕಾರ್ಖಾನೆಯಲ್ಲಿ ಹಾಗೆಯೇ ಇದೆ.